ಎತ್ತಿಲ್ಲದವರ ಸಂತೆ

ಮೆಕ್ಸಿಕೋ ದೇಶದ ವಾಹಾಕಾ ಕಣಿವೆಯ ಊರುಗಳು ವಾರದ ದಿನಗಳನ್ನು ತಮ್ಮತಮ್ಮಲ್ಲೇ ಹಂಚಿಕೊಂಡಿವೆ. ಬುಧವಾರ ಎತ್ಲಾದಲ್ಲಿ ಸಂತೆ, ಗುರುವಾರ ಸಾಚಿಲಾದಲ್ಲಿ, ಶುಕ್ರವಾರ ಒಕೊತ್ಲಾನಿನಲ್ಲಿ, ಭಾನುವಾರ ತ್ಲಾಕೊಲುಲಾದಲ್ಲಿ. ಮಾನವಶಾಸ್ತ್ರದ ದೊಡ್ಡ ಹೆಸರು ಮಲಿನೋವ್‌ಸ್ಕಿ 1940ರ ಸುಮಾರಿಗೆ ಅಲ್ಲಿಗೆ ಹೋಗಿ ಈ ಏರ್ಪಾಟನ್ನು ಅಭ್ಯಾಸ ಮಾಡಿದನಂತೆ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ನಮ್ಮ ಜತ್ತ ತಾಲೂಕಿಗೆ ಬಂದಿದ್ದರೆ ಅವನಿಗೆ ಅಷ್ಟು ತ್ರಾಸು ಇರುತ್ತಿರಲಿಲ್ಲ. ಉಮದಿಯ ಸಂತೆ ಯಾವತ್ತು, ಸಂಖದ್ದು ಯಾವತ್ತು, ಎಲ್ಲಿ ಬೆಳ್ಳುಳ್ಳಿ ಸೋವಿ, ಎಲ್ಲಿ ತೂಕದಲ್ಲಿ ಹೊಡೆಯುತ್ತಾರೆ ಎಂಬುದನ್ನೆಲ್ಲ ಕಟ್ಟೆಯ ಮೇಲೆ ಕೂತ ಯಾವ ಮುದುಕಿಯಾದರೂ ಒಂದೇ ಉಸುರಿಗೆ ಹೇಳಿ ಮುಗಿಸುತ್ತಿದ್ದಳು.

ವಾಹಾಕಾದ ವಿಷಯ ನನಗೆ ತಂದು ಹಚ್ಚಿದವಳು ತಂಗಿಯ ಮಗಳು. ಟೆಕ್ಸಾಸಿನಲ್ಲಿ ಇರುತ್ತಾಳೆ. ಅಲ್ಲಿಂದ ಮೆಕ್ಸಿಕೋದ ಕಸುಬುಗಳನ್ನೂ ಸಂತೆಗಳನ್ನೂ ತೋರಿಸುವ ಪ್ರವಾಸಕ್ಕೆ ಹೋಗಿದ್ದಳು. ಎಣಿಸಿ ಎಂಟೇ ಮಂದಿ, ಒಂದು ವ್ಯಾನು, ಜೊತೆಗೊಬ್ಬ ತಿಳಿದವನು. ಸಾನ್ ಬಾರ್ತೊಲೊ ಕೊಯೊತೆಪೆಕ್‌ನಲ್ಲಿ ಕಪ್ಪು ಮಣ್ಣಿನ ಗಡಿಗೆ, ತೆಯೊತಿತ್ಲಾನ್‌ನಲ್ಲಿ ಉಣ್ಣೆಯ ಜಮಖಾನೆ. ಅಲ್ಲಿಯ ನೇಕಾರ್ತಿಯೊಬ್ಬಳು ಕಳ್ಳಿಗಿಡದ ಮೇಲೆ ಬದುಕುವ ಹುಳವನ್ನು ಒಣಗಿಸಿ ಇಟ್ಟಿದ್ದಳಂತೆ. ಅದನ್ನು ಇವಳ ಅಂಗೈಯಲ್ಲಿ ತಿಕ್ಕಿದರೆ ರಕ್ತದಂಥ ಕೆಂಪು. ಮೇಲೊಂದಿಷ್ಟು ನಿಂಬೆರಸ ಹಿಂಡಿದರೆ ಅದೇ ಕೆಂಪು ಕಿತ್ತಳೆಗೆ ತಿರುಗಿತಂತೆ. ಒಂದು ಪೌಂಡು ಬಣ್ಣಕ್ಕೆ ಸುಮಾರು 70,000 ಹುಳ ಬೇಕು. ಸ್ಪೇನಿನವರು ಈ ಗುಟ್ಟನ್ನು ಬಲು ದಿನ ಬಚ್ಚಿಟ್ಟು ದುಡ್ಡು ಮಾಡಿದರು.

ಆ ದುಡ್ಡಿನ ಆಸೆಯ ಬಾಲ ನಮ್ಮ ಬೇಲಿಯ ತನಕ ಬಂದಿದೆ. ಈಸ್ಟ್ ಇಂಡಿಯಾ ಕಂಪನಿಯವರು ಹದಿನೆಂಟನೆಯ ಶತಮಾನದ ಕೊನೆಗೆ ಮದರಾಸು, ಕಲಕತ್ತೆಗಳಲ್ಲಿ ಪಾಪಾಸುಕಳ್ಳಿಯ ತೋಟ ಮಾಡಿ ಈ ಹುಳವನ್ನು ಸಾಕಲು ಹೊರಟರು. 1795ರಲ್ಲಿ ಬ್ರೆಜಿಲಿನಿಂದ ಹುಳವೂ ಬಂತು. ಬಂದದ್ದು ಮಾತ್ರ ಬೇರೆ ಜಾತಿಯದು. ಅದರ ಬಣ್ಣಕ್ಕೆ ಕಸುವಿಲ್ಲ. ಹುಳದ ವ್ಯಾಪಾರ ಮುಳುಗಿತು, ಕಳ್ಳಿ ಉಳಿಯಿತು. ಮಳೆಯ ನೆರಳಿನ ಈ ಬರಡು ಸೀಮೆಯಲ್ಲಿ ಪಾಪಾಸುಕಳ್ಳಿಯ ಹಣ್ಣು ತಿಂದು ತುಟಿ ಕೆಂಪು ಮಾಡಿಕೊಳ್ಳದ ಹುಡುಗರು ನಮ್ಮ ಕಾಲಕ್ಕಂತೂ ಇರಲಿಲ್ಲ. ಮೆಣಸಿನಕಾಯಿ, ಗೋವಿನಜೋಳಗಳೂ ಮೆಕ್ಸಿಕೋದ ಕಡೆಯಿಂದಲೇ ಬಂದವು. ಚೆಂಡುಹೂವೂ ಅಲ್ಲಿಯದೇ. ಅಲ್ಲಿ ಅಕ್ಟೋಬರ್ ಕೊನೆಗೆ ಸತ್ತವರ ಹಬ್ಬಕ್ಕೆ ಸಂತೆಯ ತುಂಬ ಚೆಂಡುಹೂವಿನ ರಾಶಿ ಬೀಳುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಾವು ಅದನ್ನು ಲಕ್ಷ್ಮೀಪೂಜೆಗೆ ಮಾಲೆ ಕಟ್ಟುತ್ತಿರುತ್ತೇವೆ.

ಡಿಸೆಂಬರಿನಲ್ಲಿ ಜತ್ತದ ಯಲ್ಲಮ್ಮನ ಜಾತ್ರೆಗೆ ಊರಿಗೆ ಬಂದ ತಂಗಿಯ ಮಗಳು, “ಮಾಮಾ, ನಮ್ಮ ಕಡೀನೂ ಹಂಗ ಒಂದು ಟೂರ್ ಮಾಡೂಣು. ಸಣ್ಣ ಗುಂಪು ಸಾಕು” ಅಂದಳು. ನಾನು ಒಪ್ಪಿದೆ. ಆದರೆ ಜತ್ತದಲ್ಲಿ ಗುಂಪು ಸಣ್ಣದಾಗಿ ಉಳಿಯುವುದು ಕಷ್ಟ. ಟಮ್‌ಟಮ್ ಹೇಳಿದ್ದು ನಮ್ಮಿಬ್ಬರಿಗೆ. ಹೊರಡುವ ಹೊತ್ತಿಗೆ ತಂಗಿ, ತಂಗಿಯ ನಾದಿನಿ, ಓಣಿಯ ಇಬ್ಬರು ಹುಡುಗರು, ಬಿಳೂರಿನ ತನಕ ಬಿಡ್ರಿ ಎಂದು ಹತ್ತಿದ ಮುದುಕ, ಅವನ ಜೋಳದ ಚೀಲ. ಸೀಟು ತುಂಬದೆ ಗಾಡಿ ಬಿಡುವುದು ಅಪಶಕುನ ಎಂಬಂತೆ ಡ್ರೈವರ್ ಇನ್ನೂ ಯಾರಾದರೂ ಬರುತ್ತಾರೇನೋ ಎಂದು ಸ್ಟ್ಯಾಂಡಿನ ಕಡೆ ನೋಡುತ್ತಲೇ ಇದ್ದ.

ಮೊದಲು ಕಂಬಳಿ. ತಾಲೂಕಿನ ಮೂಡಣ ಬದಿಯ ಹಳ್ಳಿಯೊಂದರಲ್ಲಿ ಇನ್ನೂ ಮಗ್ಗದ ಸಪ್ಪಳ ಕೇಳುತ್ತದೆ. ನೆಲದಲ್ಲಿ ತೋಡಿದ ಕುಣಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತ ಅಜ್ಜ. ಅಂಗಳದಲ್ಲಿ ಗೂಟದಿಂದ ಗೂಟಕ್ಕೆ ಹಾಸನ್ನು ಎಳೆದು ಕಟ್ಟಿ, ಹುಣಸಿಬೀಜ ಕುದಿಸಿ ಅರೆದ ಗಂಜಿಯನ್ನು ಅಜ್ಜನ ಸೊಸೆ ಕುಂಚದಿಂದ ಬಳಿಯುತ್ತಿದ್ದಳು. ಆ ವಾಸನೆ ಹೇಳಲು ಬರುವಂಥದಲ್ಲ: ಕುರಿ, ಹುಣಸಿ, ಬಿಸಿಲು ಮೂರೂ ಕೂಡಿದ್ದು. ಗಂಜಿ ಕುಡಿದ ನೂಲು ಒಣಗಿದ ಮೇಲೆ ತಂತಿಯಷ್ಟು ಬಿಗಿ. ಅದಕ್ಕೇ ಹೊಸ ಕಂಬಳಿ ಮೊದಮೊದಲು ಮೈಗೆ ಚುಚ್ಚುತ್ತದೆ. ಹೊದ್ದು ಹೊದ್ದು, ಮಳೆಯಲ್ಲಿ ತೊಯ್ದು, ಬಿಸಿಲಿಗೆ ಒಣಗಿ ಅದು ಮೆತ್ತಗಾಗಬೇಕು. ನಮ್ಮ ಅಪ್ಪ ಹೊಸ ಕಂಬಳಿಯನ್ನು ಒಂದು ವರ್ಷ ಆಳಿಗೆ ಕೊಟ್ಟು, ಪಳಗಿದ ಮೇಲೆ ಅವನಿಗೆ ಇನ್ನೊಂದು ಹೊಸದು ಕೊಟ್ಟು ಹಳೆಯದನ್ನು ಇಸಿದುಕೊಳ್ಳುತ್ತಿದ್ದ. ಆಳು ಇದನ್ನು ಅನ್ಯಾಯ ಎಂದು ತಿಳಿದಿದ್ದನೋ ಲಾಭ ಎಂದೋ, ಕೇಳುವ ಬುದ್ಧಿ ನನಗೆ ಆಗ ಇರಲಿಲ್ಲ.

ಅಜ್ಜನಿಗೆ ನಮ್ಮ ಹುಡುಗಿಯ ಪ್ರಶ್ನೆಗಳು ಹಿಡಿಸಿದವು. ಅವಳು ಮೊಬೈಲಿನಲ್ಲಿ ತೆಯೊತಿತ್ಲಾನಿನ ಜಮಖಾನೆ ತೋರಿಸಿದಳು. ಅಜ್ಜ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, “ಬಣ್ಣ ಚಲೋ ಐತಿ. ಮಳಿ ತಡೀತೈತೇನ ಇದು?” ಅಂದ.

“ಗೋಡಿಗಿ ಹಾಕ್ತಾರ ಯಜ್ಜಾ.”

“ಗೋಡಿಗಿ ಯಾಕ ಥಂಡಿ?”

ಅವಳು ನಕ್ಕಳು. ನನಗೆ ಅದು ಬರೀ ನಗುವ ಮಾತು ಅನಿಸಲಿಲ್ಲ. ಈ ಅಜ್ಜನ ಗಿರಾಕಿ ಕುರಿ ಕಾಯುವವನು. ರಾತ್ರಿ ಬಯಲಲ್ಲಿ ಹಟ್ಟಿ ಹಾಕಿ ಮಲಗುವವನು. ಕಂಬಳಿಯನ್ನು ಕೊಪ್ಪೆ ಮಾಡಿ ಮಳೆಗೆ ಹಾಕಿಕೊಳ್ಳುತ್ತಾನೆ, ಕಾಳು ಒಣಗಿಸಲು ಹಾಸುತ್ತಾನೆ, ಬೀರಪ್ಪನ ಪೂಜೆಗೆ ಗದ್ದುಗೆ ಮಾಡುತ್ತಾನೆ. ನೆಯ್ಗೆ ಸಡಿಲಾದರೆ ಮರುವರ್ಷ ಬಂದು ಅಜ್ಜನ ಅಂಗಳದಲ್ಲೇ ಕಂಬಳಿ ಎಸೆದು ಹೋಗುತ್ತಾನೆ. ಕಸುಬನ್ನು ಉಳಿಸುವವರು ಮೆಚ್ಚುವವರಲ್ಲ, ಹೀಗೆ ಜಗಳ ಮಾಡಿ ಬಳಸುವವರು. ಪ್ರವಾಸಿಗರು ಜಗಳ ಮಾಡುವುದಿಲ್ಲ, ಫೋಟೋ ತೆಗೆಯುತ್ತಾರೆ. ವಾಹಾಕಾದ ನೇಕಾರರಿಗೆ ಆ ಫೋಟೋದವರಿಂದಲೇ ಹೊಟ್ಟೆ ತುಂಬುತ್ತದೆ ಎಂಬುದೂ ನಿಜವೇ. ಅದನ್ನು ಹಗುರವಾಗಿ ಆಡುವಂತಿಲ್ಲ.

ಅಜ್ಜನ ಚಿಂತೆ ಗಿರಾಕಿಯದ್ದಲ್ಲ, ಉಣ್ಣೆಯದ್ದು. ನಮ್ಮ ತಾಲೂಕಿಗೆ ಕುರಿಯಿಂದಲೇ ಹೆಸರು: ಮಾಡಗ್ಯಾಳ ಕುರಿ. ಬಿಳಿ ಮೈ, ಕಂದು ಮಚ್ಚೆ, ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು. 2020ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯ ಆಟಪಾಡಿಯ ಬಾಜಾರದಲ್ಲಿ ಇದೇ ತಳಿಯ ‘ಸರ್ಜಾ’ ಎಂಬ ಟಗರಿಗೆ ಒಬ್ಬರು 70 ಲಕ್ಷ ರೂಪಾಯಿ ಕೂಗಿದ್ದರು. ಒಡೆಯ ಕೊಡಲಿಲ್ಲ, ಒಂದೂವರೆ ಕೋಟಿ ಅಂದ. ಆ ಸುದ್ದಿ ಬಂದ ವಾರ ನಮ್ಮ ಕಡೆಯ ಟಗರುಗಳೆಲ್ಲ ಮೂಗು ಇನ್ನಷ್ಟು ಮೇಲೆತ್ತಿ ನಡೆದಂತೆ ಕಂಡಿತು. ಆದರೆ ಈ ಕುರಿ ಮಾಂಸಕ್ಕೆ ಹೆಸರಾದದ್ದು, ಮೈಮೇಲೆ ಉಣ್ಣೆ ಅಷ್ಟಕ್ಕಷ್ಟೆ. ಕಂಬಳಿಗೆ ಬೇಕಾದದ್ದು ದಖ್ಖನಿ ಕುರಿಯ ಒರಟು ಕರಿಯುಣ್ಣೆ. ಮಾಂಸಕ್ಕೆ ರೊಕ್ಕ ಹೆಚ್ಚು ಎಂದು ಮಂದಿ ದಖ್ಖನಿ ಹಿಂಡಿಗೂ ಮಾಡಗ್ಯಾಳ ಟಗರನ್ನು ಬಿಟ್ಟರು. ಮರಿಗಳು ಎತ್ತರವಾದವು, ಉಣ್ಣೆ ತೆಳ್ಳಗಾಯಿತು. ಕಂಬಳಿಯ ಊರಿಗೆ ಉಣ್ಣೆಯ ಬರ ತಂದದ್ದು ಕುರಿಯೇ. ಹುಡುಗಿ ಒಂದು ಕರಿಕಂಬಳಿ ಕೊಂಡಳು. ಅಜ್ಜ ಮೂರು ಸಾವಿರ ಅಂದ, ಅವಳು ಚೌಕಾಶಿ ಮಾಡಲಿಲ್ಲ. ಅವನ ಮುಖ ಸ್ವಲ್ಪ ಇಳಿಯಿತು.

ದಾರಿಯಲ್ಲಿ ಚಪ್ಪಲಿಯ ಮಾತು ಬಂತು, ಅದನ್ನು ಟಮ್‌ಟಮ್‌ನಲ್ಲೇ ಮುಗಿಸಿದೆವು. ಕೊಲ್ಲಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಯಲ್ಲಿ ಎಷ್ಟೋ ಪಾಲು ನಮ್ಮ ನೆರೆಯ ಅಥಣಿ ಸೀಮೆಯ ಕೈಗೆಲಸ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯಗಳ ನಾಲ್ಕು ನಾಲ್ಕು ಜಿಲ್ಲೆ ಸೇರಿವೆ, ಸಾಂಗಲಿಯೂ ಇದೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಅಂಥದೇ ಚಪ್ಪಲಿಯನ್ನು ಹೆಸರು ಹೇಳದೆ ಮಿಲಾನಿನಲ್ಲಿ ಮೆರೆಸಿ, ಗದ್ದಲವಾದ ಮೇಲೆ ಒಪ್ಪಿಕೊಂಡಿತು. ತಂಗಿಯ ನಾದಿನಿ ತನ್ನ ಕಾಲಿನವನ್ನು ಎತ್ತಿ ತೋರಿಸಿ, “ನಂದು ಐದು ವರ್ಷದ್ದು, ಇನ್ನೂ ಕರಕರ ಅಂತದ” ಎಂದಳು. ಆ ವಿಷಯದಲ್ಲಿ ಹೆಚ್ಚಿಗೆ ಹೇಳುವುದು ಉಳಿದಿರಲಿಲ್ಲ.

ಜಾತ್ರೆಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಜತ್ತ 1948ರ ತನಕ ಡಫಳೆ ಮನೆತನದ ಪುಟ್ಟ ಸಂಸ್ಥಾನವಾಗಿತ್ತು. ಜಾತ್ರೆಯ ಗತ್ತಿನಲ್ಲಿ ಆ ದರಬಾರಿನ ಗಾಳಿ ಇನ್ನೂ ಚೂರು ಉಳಿದಿದೆ. ಗುಡಿಯ ಕಡೆ ಬಿದಿರಿನ ಪಡ್ಡಲಗಿ, ಕವಡೆಸರ, ಹಸಿರು ಬಳೆ, ಗುಡ್ಡೆಗುಡ್ಡೆ ಭಂಡಾರ. ಸಾಂಗಲಿ ಅರಿಷಿಣದ ಪೇಟೆ. ದೇವಿಗೆ ಕಡಿಮೆ ಬೀಳುವ ಮಾತೇ ಇಲ್ಲ. ಆಚೆ ಬಯಲಿನಲ್ಲಿ ದನದ ಜಾತ್ರೆ: ಕೊಂಬು ಹಿಂದಕ್ಕೆ ಬಾಗಿದ ಖಿಲಾರಿ ಹೋರಿಗಳು, ಟಾವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವ ದಲಾಲರು. ಭಾವ ಕೂಗುವುದು ಮರಾಠಿಯಲ್ಲಿ, ಬಯ್ಯುವುದು ಕನ್ನಡದಲ್ಲಿ.

ನಾನು ಹುಡುಗಿಗೆ ತೋರಿಸಬೇಕೆಂದಿದ್ದದ್ದು ಎತ್ತಿನ ಸಾಮಾನಿನ ಸಾಲು. ನನ್ನ ಮಟ್ಟಿಗೆ ಜತ್ತದ ಅತ್ಯಂತ ಚೆಂದದ ಅಂಗಡಿಗಳು ಇವೇ. ಗೆಜ್ಜೆಸರ, ಹಿತ್ತಾಳೆಯ ಕೊಡಣಸು, ಬಣ್ಣದ ಗೊಂಡೆ, ಹಣೆಗೆ ಕಟ್ಟುವ ಮತಾಟಿ, ಮಗಡ, ಬಾರಕೋಲು, ಕೈಯಿಂದ ಹೊಸೆದ ಹಗ್ಗ. ರೈತ ತನಗೆ ಅಂಗಿ ಕೊಳ್ಳುವಾಗ ಇಷ್ಟು ಹೊತ್ತು ನಿಲ್ಲುವುದಿಲ್ಲ. ಇಲ್ಲಿ ಗೊಂಡೆಯನ್ನು ಎಳೆದು ನೋಡುತ್ತಾನೆ, ಗೆಜ್ಜೆಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ, ಹಗ್ಗದ ಹುರಿ ಬಿಚ್ಚಿ ಮತ್ತೆ ತಿರುವುತ್ತಾನೆ. ಟ್ರ್ಯಾಕ್ಟರ್ ಬಂದು ಅರ್ಧ ಎತ್ತುಗಳನ್ನು ಕಸಿದಿದೆ. ಉಳಿದವಕ್ಕೆ ಸಿಂಗಾರ ಇಮ್ಮಡಿಯಾಗಿದೆ.

ಅವಳಿಗೆ ಒಂದು ಮತಾಟಿ ಮನಸ್ಸಿಗೆ ಬಂತು. ಕೆಂಪು ಉಣ್ಣೆ, ನಡುವೆ ಕವಡೆ, ಸಣ್ಣ ಕನ್ನಡಿ. ಅಂಗಡಿಯಾತ ಜೋಡಿಯನ್ನು ಮುಂದಿಟ್ಟ.

“ಒಂದ ಸಾಕು ಕಾಕಾ.”

“ಒಂದ ಎತ್ತೇನವ್ವ ನಿಮ್ಮನ್ಯಾಗ?”

“ಎತ್ತ ಇಲ್ರಿ.”

ಅವನು ನನ್ನ ಮುಖ ನೋಡಿದ. ನಾನು ಹಗ್ಗದ ಕಡೆ ನೋಡಿದೆ. “ಎತ್ತಿಲ್ಲಂದ್ರ ಯಾರಿಗಿ ಕಟ್ತಿ? ಹೋಗ್ಲಿ, ಅದು ನಿನ್ನ ಮನಿ ಮಾತು. ಜೋಡಿ ನಾ ಒಡ್ಯಾಂಗಿಲ್ಲ. ಉಳದದ್ದು ಒಂದನ್ನ ಯಾವ ರೈತ ತಗೋತಾನ?”

ಅವಳು ಒಂದಕ್ಕೇ ಎರಡರ ದುಡ್ಡು ಕೊಡುತ್ತೇನೆ ಅಂದಳು. ಅದಕ್ಕೂ ಅವನು ತಲೆ ಅಲ್ಲಾಡಿಸಿದ. ಹಿಂದೆ ನಿಂತಿದ್ದ ರೈತನೊಬ್ಬ ಕೈ ಚಾಚಿ ಆ ಜೋಡಿಯನ್ನೇ ಎತ್ತಿಕೊಂಡು, ಕವಡೆ ಎಣಿಸಿ, ಅಡೀಚಶೆಗೆ, ಅಂದರೆ ಇನ್ನೂರೈವತ್ತಕ್ಕೆ, ಕೊಡು ಎಂದು ಶುರುಮಾಡಿದ. ಕೂಡಲೇ ಅವಳು ಮುನ್ನೂರು ಎಂದಳು. ಅವನು ಮುನ್ನೂರಾ ಐವತ್ತು. ಅಂಗಡಿಯಾತ ಸ್ಟೂಲು ಎಳೆದುಕೊಂಡು ಕೂತು ಚಹಾಕ್ಕೆ ಹೇಳಿದ, ನಮಗೂ ಸೇರಿಸಿ.