ಹೆಸರಿಲ್ಲದ ಮಾತ್ರೆ

ನಮ್ಮ ತಮ್ಮನಿಗೆ ತಲೆ ಮೇಲೆ ಬಿಸಿನೀರು ಹುಯ್ದರೆ ಮೂರ್ಛೆ ಬರುತ್ತಿತ್ತು. ತಣ್ಣೀರಿಗೆ ಇಲ್ಲ, ಬಿಸಿಲಿಗೆ ಇಲ್ಲ, ಗೊಟ್ಟಿಗೆರೆಯ ಕೆರೆಯಲ್ಲಿ ಮುಳುಗಿ ಎದ್ದರೂ ಇಲ್ಲ. ವಾರಕ್ಕೊಂದು ದಿನ ಅವ್ವ ಹಂಡೆಯಲ್ಲಿ ನೀರು ಕಾಯಿಸಿ, ಎಣ್ಣೆ ತಿಕ್ಕಿ, ಚೊಂಬಿನ ಮೇಲೆ ಚೊಂಬು ಹುಯ್ಯುವಾಗ ಅವನ ಕಣ್ಣು ಒಂದೇ ಕಡೆ ನಿಂತುಬಿಡುತ್ತಿತ್ತು. ಮಾತು ತೊದಲುತ್ತಿತ್ತು. ಆಮೇಲೆ ಬಚ್ಚಲಲ್ಲೇ ಬಿದ್ದು ಕೈಕಾಲು ಬಡಿಯುತ್ತಿದ್ದ. ಅವ್ವ ಒದ್ದೆ ಸೀರೆಯಲ್ಲೇ ಓಡಿ ಬೀಗದ ಕೈ ತಂದು ಅವನ ಮುಷ್ಟಿಗೆ ತುರುಕುತ್ತಿದ್ದಳು. ಕಬ್ಬಿಣ ಹಿಡಿಸಿದರೆ ನಿಲ್ಲುತ್ತೆ ಅಂತ ನಾವೂ ನಂಬಿದ್ದೆವು. ಎರಡು ಮೂರು ನಿಮಿಷಕ್ಕೆ ತಾನಾಗೇ ನಿಲ್ಲುವ ಕಾಯಿಲೆ, ಹೆಸರು ಮಾತ್ರ ಬೀಗದ ಕೈಗೆ ಬಂತು.

"ನೀರು ಹುಯ್ದೇಟ್ಗೆ ಬೀಳ್ತಾನೆ ಅಂದ್ರೆ ಇದು ಗಾಳಿನೇ ಕಣವ್ವ" ಅಂದರು ಕೇರಿಯ ಹಿರಿಯರು. ತಾಯಿತ ಕಟ್ಟಿಸಿದೆವು, ಕೋಳಿ ಕುಯ್ಸಿದೆವು. ಮೇಲಿನ ಬೀದಿಯವರು ಇನ್ನೊಂದು ಮಾತು ಸೇರಿಸಿದರು: "ಆ ಜನಕ್ಕೆ ಬಿಸಿನೀರಿನ ಸ್ನಾನ ಒಗ್ಗಲ್ಲ ಬಿಡಿ." ಹೇಳಿದವರು ನಕ್ಕು ಮರೆತಿರಬಹುದು. ನಾವು ಮರೆತಿಲ್ಲ.

ಕೊನೆಗೆ ಸ್ಕೂಲಿನ ಮೇಷ್ಟ್ರೊಬ್ಬರು ಬಯ್ದು ಕಳಿಸಿದ ಮೇಲೆ ಬನ್ನೇರುಘಟ್ಟ ರಸ್ತೆಯ ಬಸ್ಸು ಹತ್ತಿ ಡೈರಿ ಸರ್ಕಲ್ಲಿನಲ್ಲಿ ಇಳಿದು ನಿಮ್ಹಾನ್ಸಿಗೆ ಹೋದೆವು. ಡಾಕ್ಟರು ಕೇಳಿದ್ದು, "ನೀರು ಎಷ್ಟು ಬಿಸಿ ಇರುತ್ತಮ್ಮಾ? ತಲೆ ಮೇಲೆ ಬೇಗ ಬೇಗ ಹುಯ್ತೀರಾ?" ಅವ್ವ ಅಲ್ಲೇ ಕುಸಿದು ಅತ್ತಳು. ಕೇಳದೇನೇ ಗೊತ್ತು ಮಾಡ್ಕೊಂಡ್ರಲ್ಲಪ್ಪ ಅಂದಳು. ಅವರಿಗೆ ಗೊತ್ತಿದ್ದದ್ದು ಯಾಕೆಂದರೆ ಇದಕ್ಕೆ ಬಿಸಿನೀರಿನ ಮೂರ್ಛೆ ಅಂತಲೇ ಹೆಸರಿದೆ. ಬೆಂಗಳೂರು, ಮೈಸೂರು, ಮಂಡ್ಯದ ಕಡೆ ಇದು ಹೆಚ್ಚು. ಡಾ. ಪಿ. ಸತೀಶ್ಚಂದ್ರ ಮತ್ತು ಜೊತೆಗಾರರು 1988ರಲ್ಲೇ ಇಂಥ 279 ರೋಗಿಗಳ ವಿವರ ಬರೆದು ಪ್ರಕಟಿಸಿದ್ದರು. ಆವತ್ತು ಆ ಬೆಂಚಿನ ಮೇಲೆ ಎಲ್ಲಾ ಬೀದಿಗಳ ಮಕ್ಕಳೂ ಕೂತಿದ್ದರು. ನಮ್ಮ ಮೇಲಿನ ಬೀದಿಯ ಒಂದು ಮುಖವೂ ಇತ್ತು. ನಮ್ಮನ್ನು ನೋಡಿ ಆಚೆ ತಿರುಗಿಕೊಂಡಿತು.

ನೀರು ಉಗುರುಬೆಚ್ಚಗಿರಲಿ, ತಲೆಗೆ ನಿಧಾನಕ್ಕೆ ಹುಯ್ಯಿರಿ, ತಲೆಸ್ನಾನದ ದಿನ ಒಂದೂವರೆ ಎರಡು ಗಂಟೆ ಮುಂಚೆ ಈ ಮಾತ್ರೆ ಕೊಡಿ ಅಂತ ಬರೆದುಕೊಟ್ಟರು. ಮಾತ್ರೆಯ ಹೆಸರು ಕ್ಲೋಬಜಾಮ್. 1970ರ ದಶಕದಲ್ಲಿ ಆತಂಕ ಇಳಿಸುವ ಮದ್ದಾಗಿ ಪೇಟೆಗೆ ಬಂದು, ಆಮೇಲೆ ಮೂರ್ಛೆಗೂ ಒದಗಿದ ಮದ್ದು ಇದು. ನಮ್ಮ ಮನೆಯಲ್ಲಿ ಅದು ಎರಡು ಕೆಲಸವನ್ನೂ ಮಾಡಿತು ಅಂತ ನಾವು ತಮಾಷೆ ಮಾಡುವುದುಂಟು. ನುಂಗಿದವನು ತಮ್ಮ, ಎದೆ ಬಡಿತ ನಿಂತದ್ದು ಅವ್ವನದು.

ಕಾಲ ಕಳೆದಂತೆ ಅವನಿಗೆ ಸ್ನಾನವಿಲ್ಲದೆಯೂ ಮೂರ್ಛೆ ಬರತೊಡಗಿತು. ಇಂಥವರಲ್ಲಿ ಕೆಲವರಿಗೆ ಹಾಗಾಗುತ್ತದಂತೆ. ಮಾತ್ರೆ ದಿನಾ ನುಂಗಬೇಕಾಯಿತು. ತಾಪತ್ರಯ ಅಲ್ಲಿಂದ ಶುರು. ಹೆಸರುಳ್ಳ ಕಂಪನಿಯ ಮಾತ್ರೆ ದುಬಾರಿ. ಅಂಗಡಿಯವನು, "ಜನರಿಕ್ ಐತೆ, ಬೇಕಾದ್ರೆ ತಗಳ್ಳಿ, ಕೆಲಸ ಮಾಡದಿದ್ರೆ ನನ್ನ ಕೇಳಬೇಡಿ" ಅಂದ. ಕೇರಿಯಲ್ಲಿ, "ಬಡವರಿಗೆ ಕೊಡೋದು ಸುಣ್ಣದ ಮಾತ್ರೆ ಕಣ್ಲಾ" ಅಂದರು. ಆ ಅನುಮಾನಕ್ಕೆ ನಗಬೇಡಿ ಗೆಳೆಯರೇ. ಕಲ್ಲು ಬೆರೆತ ಪಡಿತರದ ಅಕ್ಕಿ ತಿಂದು ಬೆಳೆದವರಿಗೆ ಅಗ್ಗದ್ದೆಲ್ಲ ಕಲಬೆರಕೆ ಅಂತ ಅನ್ನಿಸುವುದು ಸಹಜ. ಹೆಸರುಳ್ಳದ್ದನ್ನೇ ಕೊಂಡೆವು. ದುಡ್ಡು ಸಾಲದೆ ಒಂದು ವಾರ ತಪ್ಪಿತು. ಈ ಮದ್ದನ್ನು ದಿಢೀರನೆ ನಿಲ್ಲಿಸುವುದು ಅಪಾಯ ಅಂತ ನಮಗೆ ಯಾರೂ ತಿಳಿಯುವಂತೆ ಹೇಳಿರಲಿಲ್ಲ. ಗಾರೆ ಕೆಲಸಕ್ಕೆ ಹೋದವನು ಅರ್ಧ ಕಟ್ಟಿದ ಮೆಟ್ಟಿಲ ಮೇಲಿಂದ ಉರುಳಿದ. ಗದ್ದದ ಮೇಲಿನ ಹೊಲಿಗೆ ಇನ್ನೂ ಇದೆ.

ಆವತ್ತಿಂದ ನಾವು, ಈ ಜನರಿಕ್ ಅನ್ನೋದಕ್ಕೆ ಒಪ್ಪಿಗೆ ಕೊಡೋರು ಯಾರು, ಏನು ನೋಡಿ ಕೊಡ್ತಾರೆ ಅಂತ ಕಂಡಕಂಡವರನ್ನೆಲ್ಲ ಕೇಳಿ ತಿಳಿದುಕೊಂಡೆವು. ಮಾತ್ರೆ ಮಾಡುವುದಕ್ಕೆ ಲೈಸೆನ್ಸ್ ಕೊಡುವುದು ರಾಜ್ಯದ ಔಷಧ ನಿಯಂತ್ರಣ ಇಲಾಖೆ. ಹೊಸ ಮದ್ದಾದರೆ ದಿಲ್ಲಿಯ ಒಪ್ಪಿಗೆ ಬೇಕು. ಮೊದಲೆಲ್ಲ ಒಂದು ಮದ್ದು ಪೇಟೆಗೆ ಬಂದು ನಾಲ್ಕು ವರ್ಷ ಕಳೆದರೆ ಸಾಕು, ಬೇರೆ ಕಂಪನಿಯವರು ತಮ್ಮ ಮಾತ್ರೆ ರಕ್ತಕ್ಕೆ ಅಷ್ಟೇ ಸೇರುತ್ತೆ ಅಂತ ತೋರಿಸದೆಯೂ ರಾಜ್ಯದ ಲೈಸೆನ್ಸ್ ಪಡೆಯಬಹುದಿತ್ತು. ಹಾಗಾಗಿ ಕೇರಿಯ ಅನುಮಾನ ಪೂರಾ ಸುಳ್ಳಲ್ಲ. 2017ರ ಏಪ್ರಿಲ್‌ನಲ್ಲಿ ನಿಯಮ ತಿದ್ದಿದರು. ನೀರಿನಲ್ಲಿ ಸುಲಭಕ್ಕೆ ಕರಗದ ಮದ್ದುಗಳಿಗೆ ಈ ಸಮಾನತೆಯ ಪರೀಕ್ಷೆ ಕಡ್ಡಾಯವಾಯಿತು.

ಪರೀಕ್ಷೆ ಹೀಗೆ. ಕಾಯಿಲೆ ಇಲ್ಲದ ಗಟ್ಟಿ ಆಳುಗಳನ್ನು ಕರೆಸುತ್ತಾರೆ. ರಾತ್ರಿಯೆಲ್ಲ ಉಪವಾಸ. ಒಂದು ಸಲ ಹಳೇ ಮಾತ್ರೆ, ವಾರಗಳ ಬಿಡುವು ಕೊಟ್ಟು ಇನ್ನೊಂದು ಸಲ ಹೊಸ ಮಾತ್ರೆ ನುಂಗಿಸುತ್ತಾರೆ. ಎರಡು ಸಲವೂ ಕೈಗೆ ಸೂಜಿ ಸಿಗಿಸಿಟ್ಟು ಹೊತ್ತು ಹೊತ್ತಿಗೆ ರಕ್ತ ತೆಗೆದು, ಮದ್ದು ಎಷ್ಟು ಏರಿತು, ಒಟ್ಟು ಎಷ್ಟು ಸೇರಿತು ಅಂತ ಅಳೆಯುತ್ತಾರೆ. ಎರಡರ ಹೋಲಿಕೆ ನೂರಕ್ಕೆ 80ರಿಂದ 125ರ ಗೆರೆಯೊಳಗೆ ಇರಬೇಕು. ಅಂದರೆ ಮಾತ್ರೆಯಲ್ಲಿ ಕಾಲುಪಾಲು ಮದ್ದು ಕಮ್ಮಿ ಇದ್ದರೂ ನಡೆಯುತ್ತೆ ಅಂತಲ್ಲ. ಸರಾಸರಿ ಮಾತ್ರವಲ್ಲ, ಲೆಕ್ಕದ ಏರುಪೇರೂ ಸೇರಿ ಆ ಗೆರೆ ದಾಟಬಾರದು. ಅಮೆರಿಕದ ಔಷಧ ಇಲಾಖೆಯವರು 1996ರಿಂದ 2007ರವರೆಗಿನ 2,070 ಪರೀಕ್ಷೆಗಳನ್ನು ಒಟ್ಟು ಹಾಕಿ ನೋಡಿದಾಗ ಸರಾಸರಿ ವ್ಯತ್ಯಾಸ ಶೇಕಡಾ 4ರ ಆಸುಪಾಸಿನಲ್ಲಿತ್ತು. 2016ರಲ್ಲಿ ಲ್ಯಾಮೋಟ್ರಿಜಿನ್ ಎಂಬ ಮೂರ್ಛೆ ಮದ್ದಿನ ಎರಡು ಜನರಿಕ್‌ಗಳನ್ನು ರೋಗಿಗಳ ಮೇಲೇ ಹೋಲಿಸಿ, ಎರಡೂ ಸಮ ಅಂತ ಕಂಡುಕೊಂಡರು. ನಾವು ಜನರಿಕ್ಕಿಗೆ ಬದಲಾದೆವು. ಡಾಕ್ಟರಿಗೆ ಹೇಳಿಯೇ ಬದಲಾದೆವು, ಮತ್ತೆ ಕಂಪನಿ ಬದಲಿಸಲಿಲ್ಲ. ತಮ್ಮ ಚೆನ್ನಾಗಿದ್ದಾನೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಆ ಗಟ್ಟಿ ಆಳುಗಳು ಯಾರು?

ನಮ್ಮ ಪಕ್ಕದ ಮನೆ ಹುಡುಗ ಒಬ್ಬ. ಕೆಲಸ ಸಿಗದ ತಿಂಗಳಲ್ಲಿ ಯಾರೋ ಏಜೆಂಟ್ ಊರಾಚೆಯ ಒಂದು ಕಟ್ಟಡಕ್ಕೆ ಕರಕೊಂಡು ಹೋದ. ಊಟ, ಟೀವಿ, ಮಂಚ, ಕೈಗೆ ದುಡ್ಡು. ಇಂಗ್ಲಿಷಿನ ಹಾಳೆಗಳಿಗೆ ಸಹಿ ಹಾಕಿದ. "ಓದಿ ಹೇಳಿದ್ರೇನೋ?" ಅಂದರೆ, "ಏನೋ ಹೇಳಿದ್ರಣ್ಣ, ಹಸಿವಾಗಿತ್ತು" ಅಂದ. ತಿಳಿಯುವ ಭಾಷೆಯಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕು, ನೀತಿ ಸಮಿತಿ ನೋಡಬೇಕು, ಹೆಚ್ಚು ಕಮ್ಮಿಯಾದರೆ ಪರಿಹಾರ ಕೊಡಬೇಕು ಅಂತ 2019ರ ನಿಯಮಗಳಲ್ಲಿದೆ. ಸ್ವಾಸ್ಥ್ಯ ಅಧಿಕಾರ ಮಂಚ್‌ನವರು 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ ಬಡವರ ಮೇಲಿನ ಔಷಧ ಪ್ರಯೋಗಗಳ ಪ್ರಶ್ನೆ ಎತ್ತಿದ ಮೇಲೆ ಕಾನೂನು ಬಿಗಿಯಾಗುತ್ತ ಬಂದದ್ದು. ಹುಡುಗನಿಗೆ ಇದೊಂದೂ ಗೊತ್ತಿಲ್ಲ. ಬಿಡುವಿನ ದಿನಗಳು ಮುಗಿಯುವ ಮುಂಚೆಯೇ, ಹಿಂದೆ ಹೋಗಿದ್ದನ್ನು ಮುಚ್ಚಿಟ್ಟು ಇನ್ನೊಂದು ಕಡೆ ಹೋಗಿಬಂದ. ಎರಡು ದಿನ ತೂಕಡಿಸುತ್ತಾ ಬಿದ್ದಿದ್ದ. "ಫಿಟ್ಸಿನ ಮಾತ್ರೆ ಅಂದ್ರಣ್ಣ" ಅಂದ.

ಕ್ಲೋಬಜಾಮ್‌ಗೆ ಅಮೆರಿಕದಲ್ಲಿ ಮಕ್ಕಳ ಒಂದು ಘೋರ ಮೂರ್ಛೆಗೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ, ಅದರ ಜನರಿಕ್‌ಗಳಿಗೆ 2018ರಲ್ಲಿ. ಆ ಒಪ್ಪಿಗೆ ಪಡೆದವರಲ್ಲಿ ಭಾರತದ ಕಂಪನಿಗಳೂ ಇದ್ದವು. ಅಂಥ ಸುದ್ದಿ ಬಂದ ದಿನ ಷೇರು ಏರುತ್ತದೆ, ಪೇಪರಿನ ವಾಣಿಜ್ಯ ಪುಟದಲ್ಲಿ ಬರುತ್ತದೆ. ಯಾರ ರಕ್ತದ ಮೇಲೆ ಸಮ ಅಂತ ಬರೆದರೋ ಅವರ ಸುದ್ದಿ ಯಾವ ಪುಟದಲ್ಲೂ ಇಲ್ಲ. ಪರೀಕ್ಷೆ ಬೇಡ ಅಂತ ನಾವು ಹೇಳುವುದಿಲ್ಲ. ಅದಿಲ್ಲದಿದ್ದರೆ ನಮ್ಮ ತಮ್ಮನ ಮಾತ್ರೆಯನ್ನು ನಾವು ನಂಬುತ್ತಿರಲಿಲ್ಲ. ಹಸಿದವನ ಸಹಿಗೆ ಒಪ್ಪಿಗೆ ಅಂತ ಹೆಸರಿಡಬೇಡಿ ಅಂತ ಹೇಳುತ್ತೇವೆ. ರಕ್ತ ಕೊಟ್ಟ ಕೇರಿಯ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಆ ಮಾತ್ರೆ ವರ್ಷವಿಡೀ ಇರಲಿ ಅಂತಲೂ ಹೇಳುತ್ತೇವೆ. ಆಗದ ಮಾತಲ್ಲ ಇದು. ಡಾ. ಕೆ. ಎಸ್. ಮಣಿ ಮತ್ತು ಜೊತೆಗಾರರು ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ ಫೀನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಎರಡು ಹಳೆಯ ಅಗ್ಗದ ಮದ್ದುಗಳಿಂದಲೇ ಮೂರ್ಛೆಯನ್ನು ಹತೋಟಿಗೆ ತಂದದ್ದು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಗಿದೆ.

ಮೊನ್ನೆ ಆ ಹುಡುಗ ನಮ್ಮ ಮನೆಗೆ ಬಂದಿದ್ದ. ತಮ್ಮ ಮಾತ್ರೆ ನುಂಗುತ್ತಿದ್ದ. ಖಾಲಿ ಪಟ್ಟಿ ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ, "ಅಣ್ಣ, ನಾನು ನುಂಗಿದ್ದು ಇದೇನಾ?" ಅಂದ. ಎಲ್ಲರೂ ಬಗ್ಗಿ ನೋಡಿದೆವು. ಕಂಪನಿ ಹೆಸರಿತ್ತು, ಬ್ಯಾಚ್ ನಂಬರ್ ಇತ್ತು, ಲೈಸೆನ್ಸ್ ನಂಬರ್ ಇತ್ತು, ಬೆಲೆ ಇತ್ತು.