ಕರಿಮಣಿಯ ಒಳಬಣ್ಣ

ಕಪ್ಪು ಗಾಜು ನಿಜಕ್ಕೂ ಕಪ್ಪಲ್ಲ. ಅದರ ಕಡ್ಡಿಯನ್ನು ಉರಿಯಲ್ಲಿ ಮೆತ್ತಗಾಗಿಸಿ, ಎಳೆ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದರೆ ಎಷ್ಟೋ ಸಲ ನೇರಳೆ ಕಾಣುತ್ತದೆ. ಕೊಡವರ ಕಕ್ಕಡ ತಿಂಗಳ 18ರಂದು ಕೊಡಗಿನ ಮನೆಗಳಲ್ಲಿ ಮಾಡುವ ಮದ್ದುಸೊಪ್ಪಿನ ಪಾಯಸದ್ದೇ ಬಣ್ಣ. ಮ್ಯಾಂಗನೀಸ್ ಹೆಚ್ಚಾಗಿ ಬೆರೆತು ದಟ್ಟೈಸಿದಾಗ ಬೆಳಕು ಹಾಯಲಾರದು, ನಮ್ಮ ಕಣ್ಣಿಗೆ ಕಪ್ಪೆನಿಸುತ್ತದೆ. ಕಬ್ಬಿಣ ಬೆರೆತಿದ್ದರೆ ಕಡುಹಸಿರು. ಊರಿನ ಎಷ್ಟೋ ಕೊರಳುಗಳಲ್ಲಿ ಕರಿಮಣಿ ನೋಡುತ್ತಲೇ ಬೆಳೆದ ನನಗೆ ಇದು ತಿಳಿದದ್ದು ಗಾಜನ್ನು ಕೈಯಾರೆ ಕರಗಿಸಿದ ಮೇಲೆ.

ಈ ಹವ್ಯಾಸ ಹಿಡಿದದ್ದು ಮಳೆಗಾಲದಲ್ಲಿ. ತೋಟದ ಕೆಲಸ ಅರ್ಧ ನಿಂತಿರುತ್ತದೆ, ಹೊರಗೆ ಕಾಲಿಡುವಂತಿಲ್ಲ, ಕೈ ಸುಮ್ಮನಿರುವುದಿಲ್ಲ. ಬೇಕಾದದ್ದು ಹೆಚ್ಚೇನಲ್ಲ: ಬಣ್ಣಬಣ್ಣದ ಗಾಜಿನ ಕಡ್ಡಿಗಳು, ಮೇಜಿಗೆ ಬಿಗಿದ ಗ್ಯಾಸ್ ಟಾರ್ಚು, ತೆಳ್ಳನೆಯ ಸ್ಟೀಲ್ ಸಲಾಕೆಗಳು. ಸಲಾಕೆಗೆ ಮೊದಲು ಜೇಡಿಮಣ್ಣಿನ ತಿಳಿಲೇಪ ಹಚ್ಚಿ ಒಣಗಿಸಬೇಕು. ಇಲ್ಲದಿದ್ದರೆ ಗಾಜು ಲೋಹಕ್ಕೆ ಕಚ್ಚಿಕೊಂಡು ಮಣಿ ಕಳಚಿ ಬರುವುದಿಲ್ಲ. ಕೊಡಗಿನ ಮಳೆಯಲ್ಲಿ ಬಟ್ಟೆಯೇ ಒಣಗದು, ಲೇಪ ಒಣಗೀತೇ? ಬಚ್ಚಲೊಲೆಯ ಬಳಿ ಸಲಾಕೆಗಳನ್ನು ಸಾಲಾಗಿ ನಿಲ್ಲಿಸುವುದೇ ದಾರಿ.

ಉರಿಗೆ ಗಾಜು ತಾಗಿದೊಡನೆ ಅದರೊಳಗಿನ ಸೋಡಿಯಂ ಹಳದಿ ಜ್ವಾಲೆಯಾಗಿ ಏಳುತ್ತದೆ. ಆ ಹಳದಿಯಲ್ಲಿ ಮಣಿಯೇ ಮರೆಯಾಗಿಬಿಡುತ್ತದೆ. ಅದಕ್ಕೇ ಡಿಡಿಮಿಯಂ ಕನ್ನಡಕ. ಅದನ್ನು ಹಾಕಿಕೊಂಡರೆ ಹಳದಿ ಅಳಿಸಿಹೋಗಿ, ಕೆಂಪಗೆ ಕಾದ ಗಾಜು ಸಲಾಕೆಯ ಸುತ್ತ ಸುತ್ತಿಕೊಳ್ಳುವುದು ಸ್ಪಷ್ಟವಾಗಿ ಕಾಣುತ್ತದೆ. ಎಡಗೈ ಸಲಾಕೆಯನ್ನು ತಿರುಗಿಸುತ್ತಲೇ ಇರಬೇಕು, ನಿಂತರೆ ಗಾಜು ಒಂದು ಬದಿಗೆ ಜೋಲುತ್ತದೆ. ಮಣಿಯನ್ನು ದುಂಡಗಾಗಿಸುವುದು ಕರಗಿದ ಗಾಜಿನ ಮೇಲ್ಮೈ ಸೆಳೆತ, ನನ್ನ ಕೈ ಅದಕ್ಕೆ ಅಡ್ಡಬರದಿದ್ದರೆ ಸಾಕು. ಮಣಿಯ ಎರಡೂ ತುದಿ ತೂತಿನ ಕಡೆಗೆ ಒಳಮುಖವಾಗಿ ಬಾಗಿರಬೇಕು. ಚೂಪಾಗಿ ಉಳಿದರೆ ದಾರವನ್ನು ಕೊಯ್ಯುತ್ತದೆ.

ಆದರೂ ಮಣಿಯ ಬಾಳಿಕೆ ನಿಶ್ಚಯವಾಗುವುದು ಉರಿಯಲ್ಲಲ್ಲ, ಆರುವಾಗ. ಗಾಜಿನಲ್ಲಿ ಶಾಖ ನಿಧಾನವಾಗಿ ಹರಿಯುತ್ತದೆ. ಹೊರಮೈ ಮೊದಲು ತಣಿದು ಕುಗ್ಗುತ್ತದೆ, ಒಡಲು ಇನ್ನೂ ಕಾದಿರುತ್ತದೆ. ಆ ಎಳೆದಾಟ ಒಳಗೇ ಹೆಪ್ಪುಗಟ್ಟಿದರೆ, ಚೆನ್ನಾಗಿಯೇ ಕಂಡ ಮಣಿ ಮುಂದೆಂದೋ ತಾನಾಗಿ ಸೀಳುತ್ತದೆ. ಆದ್ದರಿಂದ ಸುಮಾರು 500 ಡಿಗ್ರಿ ಸೆಲ್ಸಿಯಸ್‌ನ ವಿದ್ಯುತ್ ಕುಲುಮೆಯಲ್ಲಿ ಇಟ್ಟು, ಬಳಿಕ ಮೆಲ್ಲಮೆಲ್ಲಗೆ ಶಾಖ ಇಳಿಸಬೇಕು. ಮಳೆಗಾಲದ ಕೊಡಗಿನಲ್ಲಿ ಕರೆಂಟನ್ನು ನಂಬಿ ಇದನ್ನು ಮಾಡುವುದಕ್ಕೆ ಗಟ್ಟಿ ಗುಂಡಿಗೆ ಬೇಕು! ಹಗುರ ಖನಿಜಪುಡಿಯಾದ ಬಿಸಿ ವರ್ಮಿಕ್ಯುಲೈಟ್‌ನಲ್ಲಿ ಹೂತಿಟ್ಟರೆ ಸಣ್ಣ ಮಣಿಗಳು ಹೇಗೋ ಉಳಿದುಕೊಳ್ಳುತ್ತವೆ. ಆದರೆ ಒಬ್ಬರ ಕೊರಳಿಗೆ ಕೊಡುವ ಮಣಿಗೆ ಕುಲುಮೆಯೇ ಆಗಬೇಕೆಂಬುದು ನನ್ನ ಹಟ.

ಹಟಕ್ಕೆ ಕಾರಣವಿದೆ. ಮಣಿ ನಮ್ಮ ನಾಡಿನಲ್ಲಿ ಬರಿಯ ಅಲಂಕಾರವಲ್ಲ. ಕೊಡವ ಮದುವೆಯಲ್ಲಿ ಮಗಳಿಗೆ ಪತ್ತಾಕ್, ಅಂದರೆ ಮಣಿಸರದ ಮಂಗಲಪದಕ, ಕಟ್ಟುವವಳು ತಾಯಿ. ಜೋಮಾಲೆ ಎಂಬ ಕೊರಳ ಸರದ ಚಿನ್ನದ ಗುಂಡುಗಳ ಒಳಗೆ ಅರಗು ತುಂಬಿರುತ್ತದೆ. 19ನೇ ಶತಮಾನದಲ್ಲಿ ಕೊಡಗಿನ ಕಲ್ಗೋರಿಗಳನ್ನು ಅಗೆದಾಗ ಸಿಕ್ಕಿದ್ದು ಮಡಕೆ, ಮೂಳೆಚೂರು, ಕಬ್ಬಿಣದ ಈಟಿಮೊನೆ, ಜೊತೆಗೆ ಮಣಿಗಳು. ಸತ್ತವರ ಜೊತೆ ಕಳಿಸಲು ಆಯ್ದುಕೊಂಡ ಕೆಲವೇ ವಸ್ತುಗಳಲ್ಲಿ ಮಣಿಯೂ ಒಂದಾಗಿತ್ತು ಎಂಬುದನ್ನು ನೆನೆದಾಗಲೆಲ್ಲ ನನಗೆ ಈ ಕೆಲಸದ ಮೇಲೆ ಗೌರವ ಹೆಚ್ಚುತ್ತದೆ.

ಗಾಜು ಕಾಯಿಸುವ ವಿದ್ಯೆ ಕನ್ನಡ ನೆಲಕ್ಕೆ ಹೊಸದೂ ಅಲ್ಲ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಹೊಸದುರ್ಗ ಕಡೆಯ ಮತ್ತೋಡಿನಲ್ಲಿ ಗಾಜಿನ ಬಳೆ ಮಾಡುವುದನ್ನು ಕಂಡು ವಿವರವಾಗಿ ಬರೆದಿಟ್ಟ. ಸವಳು ಮಣ್ಣು, ಬೆಣಚುಕಲ್ಲಿನ ಪುಡಿ, ಎಲ್ಲವೂ ಸುತ್ತಮುತ್ತಲಿನದೇ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂದು ಐದು ಬಣ್ಣ. ಆ ಕುಲುಮೆಗಳು ಆರಿಹೋದವು. ಮಣಿಯ ಕೆಲಸ ಹೆಚ್ಚಾಗಿ ಉಳಿದದ್ದು ಬೇರೆ ಕಡೆ. ಬನಾರಸ್‌ನಲ್ಲಿ ನಾನು ಮಾಡುವಂತೆಯೇ ಉರಿಯ ಮುಂದೆ ಕೂತು ಸುತ್ತುತ್ತಾರೆ. ತಿರುಪತಿ ಸಮೀಪದ ಪಾಪನಾಯುಡುಪೇಟದ ಪದ್ಧತಿಯಲ್ಲಿ ಕರಗಿದ ಗಾಜನ್ನು ಉದ್ದ ಕೊಳವೆಯಾಗಿ ಎಳೆದು, ತುಂಡರಿಸಿ, ಮತ್ತೆ ಕಾಯಿಸಿ ಅಂಚು ದುಂಡಗಾಗಿಸುತ್ತಾರೆ. ಎರಡು ಸಾವಿರ ವರ್ಷಗಳ ಹಿಂದೆ ಪುದುಚೇರಿ ಬಳಿಯ ಪ್ರಾಚೀನ ಬಂದರು ಅರಿಕಮೇಡುವಿನಿಂದ ಹಡಗೇರಿದ ಪುಟಾಣಿ ಮಣಿಗಳೂ ಎಳೆದ ಗಾಜಿನವೇ.

ಸುತ್ತಿದ ಮಣಿಯನ್ನೂ ಎಳೆದ ಮಣಿಯನ್ನೂ ಭೂತಗನ್ನಡಿಯಲ್ಲಿ ಬೇರ್ಪಡಿಸಬಹುದು. ಗೆರೆಗಳೂ ಗುಳ್ಳೆಗಳೂ ತೂತಿನ ಸುತ್ತ ಬಳಸಿಕೊಂಡಿದ್ದರೆ ಅದು ಸುತ್ತಿದ ಮಣಿ. ತೂತಿನ ಉದ್ದಕ್ಕೂ ಸಾಗಿದ್ದರೆ ಎಳೆದದ್ದು. ಕುಶಾಲನಗರದಿಂದ ಕಾವೇರಿ ದಾಟಿ ಟಿಬೆಟನ್ನರ ನೆಲೆಯಾದ ಬೈಲುಕುಪ್ಪೆಗೆ ಹೋದಾಗ ನಾನು ಅಂಗಡಿಗಳ ಗಾಜಿನ ಸರಗಳನ್ನು ನೋಡುವುದೇ ಹೀಗೆ. ಅಚ್ಚಿನಲ್ಲಿ ಒತ್ತಿದ ಮಣಿಗೆ ಅಂಚಿನ ಗೀರು ಉಳಿದಿರುತ್ತದೆ. ಪ್ಲಾಸ್ಟಿಕ್ ಆದರೆ ಕೈಗೆ ತಣ್ಣಗೆ ತಾಗುವುದಿಲ್ಲ.

ಕಲಿಯಬೇಕೆನ್ನುವವರು ಗೊತ್ತಿದ್ದವರ ಬಳಿ ಕೂತೇ ಕಲಿಯಿರಿ. ಗಾಳಿಯಾಡುವ ಕೋಣೆ ಇರಲಿ, ಸಿಲಿಂಡರ್ ಗೋಡೆಯ ಹೊರಗಿರಲಿ, ಮೈಮೇಲೆ ಹತ್ತಿಬಟ್ಟೆಯೇ ಇರಲಿ. ಕಲಿಯಲಾಗದವರು ಮನೆಯ ಹಳೆಯ ಕರಿಮಣಿ ಸರವನ್ನು ಹೊಸದಕ್ಕಾಗಿ ಬಿಸಾಡಬೇಡಿ. ಮದುವೆಯ ಕರಿಮಣಿ ಪೋಣಿಸುವಾಗ, ಒಂದಾದರೂ ಮಣಿಯನ್ನು ಯಾರದೋ ಕೈಯಿಂದ ಮಾಡಿಸಿಕೊಳ್ಳಿ.