ಕಾಕಾನ ಮೂರು ಗಾಲಿ

ಬ್ಯಾಡಗಿ ಸುತ್ತ ಈಗ ಎಲ್ಲಿ ನೋಡಿದರೂ ಒಣಗಲು ಹರವಿದ ಕೆಂಪು ಮೆಣಸಿನಕಾಯಿ. ರಜೆಗೆ ಊರಿಗೆ ಹೋದ ನಾನು ಮಾತ್ರ ವೆಲ್ಡಿಂಗ್ ಶೆಡ್ಡಿನಲ್ಲೇ ಇದ್ದೆ. ಕಾಲು ಕಳೆದುಕೊಂಡ ಕಾಕಾಗೆ ಸಂತೆಗೆ ತಾನೊಬ್ಬನೇ ಹೋಗುವ ಹಟ. ಎರಡು ಹಳೇ ಸೈಕಲ್ ಕತ್ತರಿಸಿ, ಕೈಯಲ್ಲೇ ಪೆಡಲ್ ತಿರುಗಿಸೋ ಮೂರು ಗಾಲಿ ಗಾಡಿ ಕಟ್ಟಿದೆವು.

ಕೆರೆ ಏರಿ ಮೇಲೆ ಪರೀಕ್ಷೆ. ನೇರಕ್ಕೆ ಚೆನ್ನಾಗೇ ಓಡಿತು. ತಿರುವಿನಲ್ಲಿ ಟೈರು ಕಿರ್ರನೆ ಉಜ್ಜಿ, ಗಾಡಿ ನೀರಿನ ಕಡೆ ವಾಲಿತು! ಓಡಿಹೋಗಿ ಹಿಡಿದೆವು. ಹಿಂದಿನ ಎರಡೂ ಗಾಲಿ ಒಂದೇ ಅಚ್ಚಿಗೆ ಬಿಗಿದಿದ್ದೆವು. ತಿರುಗುವಾಗ ಹೊರಗಿನ ಗಾಲಿ ಹೆಚ್ಚು ಸುತ್ತಬೇಕಲ್ಲ? ಎಂಜಿನಿಯರಿಂಗ್ ಓದಿದ ನನಗೇ ಹೊಳೆದಿರಲಿಲ್ಲ. ಒಂದಕ್ಕಷ್ಟೇ ಚೈನ್ ಕೊಟ್ಟು, ಇನ್ನೊಂದನ್ನು ಬಿಡಿಯಾಗಿ ಸುತ್ತಲು ಬಿಟ್ಟೆವು. ಸೀಟು ಒಂದು ಗೇಣು ಕೆಳಗಿಳಿಯಿತು.

ಸಂತೆ ದಿನ ಹಿಂದೆ ಹಿಡಿದುಕೊಂಡೇ ಹೊರಟೆ.

"ಬಿಡೋ ತಮ್ಮಾ, ನಾ ಹೊಂಟೆ."

ಬಿಟ್ಟೆ. ಎರಡು ತಾಸು ಏರಿ ಮೇಲೇ ಕಾದೆ. ಕಾಕಾ ಬಂದ, ತೊಡೆ ಮೇಲೆ ಬದನೆಕಾಯಿ, ಚುರುಮುರಿ ಪೊಟ್ಟಣ.